ಶನಿವಾರದ ಸಿನಿಮಾ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ತಿಂಗಳಿಗೊಂದು ಶನಿವಾರ, ಪಾಠ ಮುಗಿದ ಮೇಲೆ ನಮ್ಮ ಪ್ರೌಢಶಾಲೆಯಲ್ಲಿ ಸಿನಿಮಾ ತೋರಿಸುವುದು ನಿಮಗೆ ಗೊತ್ತು. ಕಳೆದ ಪೋಷಕರ ಸಭೆಯಲ್ಲಿ ಇದರ ಬಗ್ಗೆ ಎರಡು ಮಾತು ಬಂದವು. ಓದುವ ಮಕ್ಕಳಿಗೆ ಸಿನಿಮಾ ಯಾಕೆ ಎಂದು ಕೆಲವರು ಕೇಳಿದಿರಿ. ತೋರಿಸುವುದಾದರೆ ನಗಿಸುವಂಥದ್ದು ತೋರಿಸಿ, ಜಾತಿ, ವರದಕ್ಷಿಣೆ, ಮನೆಯೊಳಗಿನ ಜಗಳ ಇದೆಲ್ಲ ಮಕ್ಕಳ ತಲೆಗೆ ಯಾಕೆ ತುಂಬುತ್ತೀರಿ ಎಂದು ಇನ್ನು ಕೆಲವರು ಹೇಳಿದಿರಿ. ಅವತ್ತು ಹೊತ್ತು ಸಾಲಲಿಲ್ಲ. ಹಾಗಾಗಿ ಈ ಪತ್ರ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸಿನಿಮಾಕ್ಕಾಗಿ ಒಂದು ಪಾಠದ ಅವಧಿಯನ್ನೂ ಕಡಿಮೆ ಮಾಡಿಲ್ಲ. ಹತ್ತನೇ ತರಗತಿಯವರಿಗೆ ಡಿಸೆಂಬರ್ ನಂತರ ಸಿನಿಮಾ ಇರುವುದಿಲ್ಲ.

ಎರಡನೆಯದು ದೊಡ್ಡ ಮಾತು. ಈ ವಿಷಯಗಳನ್ನು ಮಕ್ಕಳ ತಲೆಗೆ ನಾವು ಹಾಕುತ್ತಿಲ್ಲ. ಅವು ಅಲ್ಲಿ ಮೊದಲೇ ಇವೆ. ಅಪ್ಪ ಕುಡಿದು ಬಂದ ರಾತ್ರಿ, ಅಕ್ಕನ ಮದುವೆಗೆ ಮಾಡಿದ ಸಾಲ, ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂದು ಅಜ್ಜಿ ಹೇಳಿದ ಮಾತು, ಎಲ್ಲವೂ ಮಕ್ಕಳಿಗೆ ಗೊತ್ತು. ಹೇಳಲು ಜಾಗ ಇಲ್ಲ, ಅಷ್ಟೇ. ತನ್ನ ಅಪ್ಪನ ಬಗ್ಗೆ ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ಸಿನಿಮಾದ ಅಪ್ಪನ ಬಗ್ಗೆ ಕೇಳಿದರೆ ಅದೇ ಮಗು ಎದ್ದು ನಿಂತು ಮಾತಾಡುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕಳೆದ ವರ್ಷ ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ ತೋರಿಸಿದೆವು. 2024ರಲ್ಲಿ ಬಂದ ಹಿಂದಿ ಸಿನಿಮಾ. ಮುಖ ಮುಚ್ಚುವ ಸೆರಗಿನಿಂದಾಗಿ ರೈಲಿನಲ್ಲಿ ಇಬ್ಬರು ಮದುಮಗಳಂದಿರು ಅದಲುಬದಲಾಗುತ್ತಾರೆ. ಅದರಲ್ಲಿ ಫೂಲ್ ಎಂಬ ಹುಡುಗಿ ಯಾವುದೋ ಸ್ಟೇಷನ್ನಿನಲ್ಲಿ ಒಬ್ಬಳೇ ಉಳಿಯುತ್ತಾಳೆ. ಗಂಡನ ಊರಿನ ಹೆಸರು ಅವಳಿಗೆ ಸರಿಯಾಗಿ ಗೊತ್ತಿಲ್ಲ. ಮಕ್ಕಳು ಮೊದಲು ನಕ್ಕರು. ಆಮೇಲೆ ನಮ್ಮ ಹಿಂದಿ ಶಿಕ್ಷಕರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನಿಮ್ಮ ಮನೆಯ ಪೂರ್ತಿ ವಿಳಾಸ, ಪಿನ್ ಕೋಡ್, ಮನೆಯವರ ಫೋನ್ ನಂಬರ್ ಬರೆಯಿರಿ ಎಂದರು. ಪೂರ್ತಿ ಬರೆದವರು ತೀರಾ ಕಡಿಮೆ. ನಂಬರೆಲ್ಲ ಮೊಬೈಲಿನಲ್ಲೇ ಇರುತ್ತದೆ, ಯಾರಿಗೂ ಬಾಯಿಪಾಠ ಇಲ್ಲ. ಎಂಟನೇ ತರಗತಿಯ ಒಬ್ಬಳು ಮಾತ್ರ ಇನ್ನೊಂದು ಪ್ರಶ್ನೆ ಕೇಳಿದಳು: ‘ಟೀಚರ್, ಆಯಿ (ಅಮ್ಮ) ದುಡಿದ ದುಡ್ಡು ಯಾವ ಬ್ಯಾಂಕಿನಲ್ಲಿದೆ ಅಂತ ಆಯಿಗೇ ಗೊತ್ತಿಲ್ಲ. ಅದೂ ಇದೇ ಥರಾನಾ?’ ಇಂಥ ಪ್ರಶ್ನೆ ಪಠ್ಯಪುಸ್ತಕದ ಕೊನೆಯಲ್ಲಿ ಸಿಗುವುದಿಲ್ಲ, ಅಲ್ವಾ?

ಸಿನಿಮಾ ಮುಗಿದ ತಕ್ಷಣ ಮಕ್ಕಳನ್ನು ಮನೆಗೆ ಕಳಿಸುವುದಿಲ್ಲ. ತಾಳಮದ್ದಳೆ ಮಾಡಿಸುತ್ತೇವೆ, ಅಂದರೆ ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹಾಡುವ ಭಾಗವತರೂ ಇಲ್ಲ, ಮದ್ದಳೆಯೂ ಇಲ್ಲ, ಅರ್ಥ ಹೇಳುವುದು, ಅಂದರೆ ಪಾತ್ರವಾಗಿ ಮಾತಾಡುವುದು ಮಾತ್ರ. ನಿಮ್ಮಲ್ಲಿ ಎಷ್ಟೋ ಮಂದಿ ಒಳ್ಳೆಯ ಅರ್ಥಧಾರಿಗಳಿದ್ದೀರಿ. ಕೌರವನ ಪಾತ್ರ ಸಿಕ್ಕಿದವನು ಕೌರವನ ಪರವಾಗಿಯೇ ವಾದ ಮಾಡಬೇಕು ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲೂ ಹಾಗೆಯೇ. ಹುಡುಗನಿಗೆ ಸೊಸೆಯ ಪಾತ್ರ, ಹುಡುಗಿಗೆ ಮಾವನ ಪಾತ್ರ. ತನಗೆ ಒಪ್ಪಿಗೆಯಿಲ್ಲದ ಮಾತನ್ನು ಸಮರ್ಥಿಸಿ ನೋಡಿದ ಮಗುವಿಗೆ ಆ ಮಾತು ಎಲ್ಲಿಂದ ಹುಟ್ಟುತ್ತದೆ ಎಂದೂ ಗೊತ್ತಾಗುತ್ತದೆ.

ಗಿರೀಶ್ ಕಾಸರವಳ್ಳಿ ಅವರ ‘ದ್ವೀಪ’ ನೋಡಿದ ದಿನ ಈ ತಾಳಮದ್ದಳೆ ಸಂಜೆಯವರೆಗೂ ಎಳೆಯಿತು. ನಾ. ಡಿಸೋಜ ಅವರ ಕಥೆಯಿಂದ 2002ರಲ್ಲಿ ಮಾಡಿದ ಸಿನಿಮಾ ಅದು. ಅಣೆಕಟ್ಟಿನ ನೀರು ಏರುತ್ತಾ ಬಂದರೂ ಒಂದು ಕುಟುಂಬ ಗುಡ್ಡದ ಮನೆ ಬಿಟ್ಟು ಹೋಗುವುದಿಲ್ಲ. ಶರಾವತಿ ಸಮುದ್ರ ಸೇರುವ ಹೊನ್ನಾವರದ ಮಕ್ಕಳು ಇವರು. ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ಊರುಗಳೇ ಮುಳುಗಿದ್ದು, ಗೇರುಸೊಪ್ಪೆಯ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಗದ್ದೆ, ಮನೆಗೆ ನೀರು ನುಗ್ಗುವುದು, ಎರಡೂ ಒಂದೇ ಹೊಳೆಯ ಕಥೆ ಎಂದು ಅವರಿಗೆ ಅವತ್ತು ಹೊಳೆಯಿತು. ಆದರೆ ವಾದ ಜೋರಾಗಿದ್ದು ಅಣೆಕಟ್ಟಿನ ಬಗ್ಗೆ ಅಲ್ಲ, ಆ ಮನೆಯ ಸೊಸೆ ನಾಗಿಯ ಬಗ್ಗೆ. ಆ ಮಳೆಯಲ್ಲಿ ಮನೆ ಉಳಿಸಿದವಳು ನಾಗಿ. ಕೊನೆಗೆ ಗಂಡ ಅದನ್ನು ದೇವರ ಲೆಕ್ಕಕ್ಕೆ ಹಾಕುತ್ತಾನೆ. ಹುಡುಗಿಯರಿಗೆ ಇದು ತಡೆಯಲು ಆಗಲಿಲ್ಲ. ಗಂಡನ ಅರ್ಥ ಹೇಳುತ್ತಿದ್ದ ಹುಡುಗನಿಗೆ ಕೊನೆಕೊನೆಗೆ ಮಾತೇ ಹೊರಡಲಿಲ್ಲ.

ಇಂಥ ಸಿನಿಮಾ ಈಗಷ್ಟೇ ಶುರುವಾದದ್ದೂ ಅಲ್ಲ. ನಮ್ಮ ಹೊನ್ನಾವರದ ನಂಟಿನ ಶಂಕರ್ ನಾಗ್ ಎಂಬತ್ತರ ದಶಕದಲ್ಲೇ ‘ಆಕ್ಸಿಡೆಂಟ್’ ಮಾಡಿದರು. ಅಮಲಿನಲ್ಲಿ ಕಾರು ಓಡಿಸಿದ ದೊಡ್ಡವರ ಮಗ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರು. ಸಾಮಾಜಿಕ ವಿಷಯದ ಸಿನಿಮಾಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಈಗ ಬದಲಾಗಿರುವುದು ಏನೆಂದರೆ ತಮಿಳು, ಮಲಯಾಳ, ಮರಾಠಿ, ಅಸ್ಸಾಮಿ ಎಲ್ಲವೂ ಮನೆಯ ಮೊಬೈಲಿಗೇ ಬರುತ್ತವೆ. ಮತ್ತು ತುಂಡು ತುಂಡಾಗಿ ಬರುತ್ತವೆ.

ನನಗೆ ಹೆದರಿಕೆ ಇರುವುದು ಈ ತುಂಡುಗಳ ಬಗ್ಗೆ. 2021ರ ತಮಿಳಿನ ‘ಜೈ ಭೀಮ್’ ನಾವು ಶಾಲೆಯಲ್ಲಿ ತೋರಿಸಿಲ್ಲ. ಪೊಲೀಸ್ ಠಾಣೆಯ ಹಿಂಸೆ ಆ ವಯಸ್ಸಿಗೆ ಜಾಸ್ತಿಯಾಗುತ್ತದೆ. ಆದರೆ ಒಂಬತ್ತನೇ ತರಗತಿಯ ಹುಡುಗರು ಆ ಹೊಡೆಯುವ ದೃಶ್ಯಗಳನ್ನೇ ಮೊಬೈಲಿನಲ್ಲಿ ನೋಡಿದ್ದರು. ಕೋರ್ಟಿನ ಭಾಗ ನೋಡಿರಲಿಲ್ಲ. ಅದು ನಿಜವಾಗಿ ನಡೆದದ್ದು, 1993ರ ಪ್ರಕರಣ, ಆಗ ವಕೀಲರಾಗಿದ್ದ ಕೆ. ಚಂದ್ರು ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋದ ಹೆಂಗಸಿನ ಪರವಾಗಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ) ಹಾಕಿ ಹೋರಾಡಿದರು, ಮುಂದೆ ಅವರೇ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದರು ಎಂದು ನಾನು ಹೇಳಿದಾಗ ತರಗತಿ ಕಿವಿಗೊಟ್ಟು ಕೇಳಿತು. ಅಲ್ಲಿಯವರೆಗೆ ಅವರಿಗೆ ಸಿಕ್ಕಿದ್ದು ಲಾಠಿ ಏಟು ಮಾತ್ರ.

ಇಂಥ ಸಿನಿಮಾಗಳ ಬಗ್ಗೆ ನನ್ನದೂ ಒಂದು ತಕರಾರು ಇದೆ. ಸುಮಾರು ಸಿನಿಮಾಗಳಲ್ಲಿ ಕಷ್ಟ ಒಬ್ಬರದು, ಪರಿಹಾರ ಮಾಡುವವರು ಬೇರೊಬ್ಬರು. 2019ರ ‘ಆರ್ಟಿಕಲ್ 15’ ಚೆನ್ನಾಗಿದೆ, ಧೈರ್ಯವಾಗಿಯೂ ಇದೆ. ಆದರೂ ದಲಿತ ಹುಡುಗಿಯರಿಗೆ ಆದ ಅನ್ಯಾಯವನ್ನು ನಾವು ನೋಡುವುದು ಮೇಲ್ಜಾತಿಯ ಒಬ್ಬ ಅಧಿಕಾರಿಯ ಕಣ್ಣಿನಿಂದ. ನಮ್ಮ ಕನ್ನಡದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ನನಗೆ ತುಂಬಾ ಇಷ್ಟ. ಅಲ್ಲೂ ಶಾಲೆ ಉಳಿಸಲು ಹೊರಗಿನಿಂದ ಅನಂತ್ ನಾಗ್ ಬರಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಮಕ್ಕಳಿಲ್ಲದೆ ಬಾಗಿಲು ಹಾಕುವ ಸ್ಥಿತಿಗೆ ಬಂದ ಕನ್ನಡ ಶಾಲೆಗಳಿಗೆ ಯಾರೂ ಹಾಗೆ ಬರುವುದಿಲ್ಲ. ನೀವೇ ಬರಬೇಕು.

ಹಾಗಾಗಿ ನಾಗರಾಜ್ ಮಂಜುಳೆ ಅವರ ಮರಾಠಿ ಸಿನಿಮಾ ‘ಫಂಡ್ರಿ’ಯನ್ನು ಒಂಬತ್ತು, ಹತ್ತನೇ ತರಗತಿಗೆ ತೋರಿಸಿದೆ. ಹಂದಿ ಹಿಡಿಯುವ ಮನೆಯ ಹುಡುಗ, ಅವನ ಶಾಲೆ, ಅವನನ್ನು ಹಂಗಿಸುವ ಊರು. ಕಾಪಾಡಲು ಯಾರೂ ಬರುವುದಿಲ್ಲ. ಕೊನೆಗೆ ಅವನು ಎಸೆದ ಕಲ್ಲು ನೇರವಾಗಿ ನೋಡುವವರ ಕಡೆಗೇ ಬರುತ್ತದೆ. ‘ನಾವೇನು ಮಾಡಿದ್ದೇವೆ, ನಮ್ಮ ಕಡೆ ಯಾಕೆ ಎಸೆದ?’ ಎಂದು ಒಬ್ಬ ಕೇಳಿದ. ನಾನು ಉತ್ತರ ಹೇಳಲಿಲ್ಲ. ಆ ವಾರ ಬಿಸಿಯೂಟಕ್ಕೆ ಮಕ್ಕಳು ಕೂರುವ ಸಾಲು ತಾನಾಗಿಯೇ ಸ್ವಲ್ಪ ಬದಲಾಯಿತು.

ನಿಮಗೆ ತಿಳಿದಿರಬೇಕಾದ ಕೆಲವು ವಿಷಯ. ದೊಡ್ಡವರಿಗೆ ಮಾತ್ರ ಎಂಬ ‘ಎ’ ಪ್ರಮಾಣಪತ್ರದ ಸಿನಿಮಾ ಶಾಲೆಯಲ್ಲಿ ತೋರಿಸುವುದಿಲ್ಲ. 2023ರ ಕಾನೂನು ತಿದ್ದುಪಡಿಯ ನಂತರ, ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಸಿನಿಮಾಕ್ಕೆ ಕೊಡುವ ‘ಯು/ಎ’ ಪ್ರಮಾಣಪತ್ರದಲ್ಲಿ 7, 13, 16 ಎಂದು ವಯಸ್ಸಿನ ಮೂರು ವಿಭಾಗ ಬಂದಿವೆ. ಟಿಕೆಟ್ ತೆಗೆಯುವ ಮೊದಲು ನೀವೂ ಅದನ್ನು ನೋಡಿ. ಮನೆಯಲ್ಲಿ ಒಟಿಟಿ (ಇಂಟರ್‌ನೆಟ್ಟಿನಲ್ಲಿ ಸಿನಿಮಾ ನೋಡುವ ಸೇವೆ) ಇದ್ದರೆ, 13 ಮತ್ತು ಅದಕ್ಕಿಂತ ಮೇಲಿನ ವಯಸ್ಸಿನವರ ಸಿನಿಮಾಗಳಿಗೆ ಲಾಕ್ ಹಾಕುವ ವ್ಯವಸ್ಥೆ ಅದರಲ್ಲಿ ಇರಲೇಬೇಕು ಎಂಬ ನಿಯಮ 2021ರಿಂದ ಇದೆ. ಹಾಕಲು ಬಾರದಿದ್ದರೆ ಮೊಬೈಲ್ ತನ್ನಿ, ಕಂಪ್ಯೂಟರ್ ಶಿಕ್ಷಕರು ಹಾಕಿಕೊಡುತ್ತಾರೆ. ಚರ್ಚೆಯಲ್ಲಿ ಮಕ್ಕಳು ಹೇಳಿದ್ದನ್ನು ನಾವು ಬರೆದಿಡುವುದಿಲ್ಲ, ಊರಲ್ಲಿ ಆಡುವುದಿಲ್ಲ. ಮಗುವಿನ ಮೇಲೆ ದೌರ್ಜನ್ಯ ಆಗುತ್ತಿದೆ ಎಂದು ಗೊತ್ತಾದರೆ ಮಾತ್ರ ಸುಮ್ಮನಿರುವುದಿಲ್ಲ. ಲೈಂಗಿಕ ದೌರ್ಜನ್ಯವಾದರೆ, ಅದರಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಎಲ್ಲ ತರಗತಿಯ ಗೋಡೆಯ ಮೇಲೆ ಬರೆದಿದೆ.

ಈ ತಿಂಗಳ ಸಿನಿಮಾ ರೀಮಾ ದಾಸ್ ಅವರ ‘ವಿಲೇಜ್ ರಾಕ್‌ಸ್ಟಾರ್ಸ್’. ದೊಡ್ಡ ತಂಡ ಇಲ್ಲದೆ, ತಾವೇ ಕ್ಯಾಮೆರಾ ಹಿಡಿದು, ಅಸ್ಸಾಮಿನ ತಮ್ಮ ಊರಲ್ಲೇ ಮಾಡಿದ್ದು. 2018ರಲ್ಲಿ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಧುನು ಎಂಬ ಹುಡುಗಿಗೆ ಗಿಟಾರ್ ಬೇಕು. ಪ್ರತಿ ವರ್ಷ ನೆರೆ ಬಂದು ಗದ್ದೆ ಹಾಳಾಗುತ್ತದೆ. ಅವಳು ದೊಡ್ಡವಳಾದ ಮೇಲೆ ಹುಡುಗರ ಜೊತೆ ಆಡಬಾರದು, ಮರ ಹತ್ತಬಾರದು ಎಂದು ಊರ ಹೆಂಗಸರು ಬೈಯುತ್ತಾರೆ. ಅಮ್ಮ ಮಗಳ ಪರ ನಿಲ್ಲುತ್ತಾಳೆ. ತಾಯಂದಿರು ದಯವಿಟ್ಟು ಬನ್ನಿ. ಮೀನು ಪೇಟೆಯಿಂದ ನೇರವಾಗಿ ಬಂದರೂ ಸರಿ, ಬುಟ್ಟಿ ಇಡಲು ವರಾಂಡದಲ್ಲಿ ಜಾಗ ಇದೆ. ಅಸ್ಸಾಮಿ ಮಾತನ್ನು ನಾವು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇವೆ.

ಇನ್ನು ಎರಡು ಸಿನಿಮಾ ನಿಮಗೆ ಮಾತ್ರ, ಮಕ್ಕಳಿಗಲ್ಲ. ಒಂದು ಜಿಯೋ ಬೇಬಿ ಅವರ ಮಲಯಾಳಂ ಸಿನಿಮಾ ‘ದಿ ಗ್ರೇಟ್ ಇಂಡಿಯನ್ ಕಿಚನ್’, 2021ರದ್ದು. ಕಿರುಚಾಟ, ಹೊಡೆದಾಟದ ಸಿನಿಮಾ ಅಲ್ಲ. ಕಡೆಯುವುದು, ತೊಳೆಯುವುದು, ಬಳಿಯುವುದು, ಮತ್ತೆ ಕಡೆಯುವುದು. ಇದನ್ನು ತಂದೆಯವರು ನೋಡಬೇಕೆಂದು ನನ್ನ ಆಸೆ. ಇನ್ನೊಂದು ಪೃಥ್ವಿ ಕೊಣನೂರು ಅವರ ಕನ್ನಡದ ‘ಹದಿನೇಳೆಂಟು’. ಕಾಲೇಜಿನ ಹುಡುಗ ಹುಡುಗಿ ಮೊಬೈಲಿನಲ್ಲಿ ಮಾಡಿಕೊಂಡ ಖಾಸಗಿ ವಿಡಿಯೋ ಹೊರಗೆ ಹೋಗುತ್ತದೆ. ಆಮೇಲೆ ದೊಡ್ಡವರೆಲ್ಲ ಸೇರಿ ಹೇಗೆ ನಡೆದುಕೊಳ್ಳುತ್ತಾರೆ, ಅದರಲ್ಲಿ ಜಾತಿ ಹೇಗೆ ನುಸುಳುತ್ತದೆ ಎಂಬುದೇ ಕಥೆ. ಮಗುವಿನ ಕೈಗೆ ಮೊಬೈಲ್ ಕೊಟ್ಟ ಪ್ರತಿಯೊಬ್ಬರೂ ನೋಡಬೇಕಾದದ್ದು.

ಇವೆರಡನ್ನು ಜುಲೈ ತಿಂಗಳ ಎರಡು ಭಾನುವಾರ, ಸಂಜೆ ತೋರಿಸುತ್ತೇವೆ. ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟಿನವರು ದಡದಲ್ಲೇ ಇರುತ್ತೀರಿ. ನಾಡದೋಣಿಯವರಿಗೆ, ಅಡಿಕೆಗೆ ಔಷಧಿ ಹೊಡೆಯುವವರಿಗೆ ಇದೇ ಕೆಲಸದ ಸಮಯ ಎಂದು ಗೊತ್ತು. ಅದಕ್ಕೇ ಬೆಳಗಿನ ಹೊತ್ತು ಬಿಟ್ಟು ಸಂಜೆ ಇಟ್ಟಿದ್ದೇವೆ. ಗಂಡ ಹೆಂಡತಿ ಇಬ್ಬರೂ ಬನ್ನಿ. ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಇಬ್ಬರು ಶಿಕ್ಷಕಿಯರು ಇರುತ್ತಾರೆ.

ಬರುವವರು ಮಗುವಿನ ಡೈರಿಯಲ್ಲಿ ಬರೆದು ಸಹಿ ಹಾಕಿ ಕಳಿಸಿ. ನಿಮ್ಮ ಮಗು ಯಾವುದಾದರೂ ಸಿನಿಮಾ ನೋಡುವುದು ಬೇಡ ಎನಿಸಿದರೆ ಅದನ್ನೂ ಬರೆಯಿರಿ. ಆ ಮಗುವಿಗೆ ಗ್ರಂಥಾಲಯ ತೆರೆದಿರುತ್ತದೆ. ಯಾಕೆ ಬೇಡ ಎಂದು ಒಂದು ಸಾಲು ಬರೆದರೆ ನನಗೆ ಉಪಕಾರವಾಗುತ್ತದೆ, ಮುಂದಿನ ಸಿನಿಮಾ ಆರಿಸುವಾಗ ಅದನ್ನು ಎದುರಿಗೆ ಇಟ್ಟುಕೊಳ್ಳುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ