'ಗೋ' ಪದಕ್ಕೆ ನಾಚಬೇಡ

ಪ್ರೀತಿಯ ತಂಗಿ,

ನಿನ್ನ ಇಂಗ್ಲಿಷ್ ಕತೆ ಓದಿದೆ. ಚೆನ್ನಾಗಿದೆ. ಆದರೆ ಅದರಲ್ಲಿ ಯಾರೂ ಸುಮ್ನೆ ಎಲ್ಲಿಗೂ ಹೋಗುವುದೇ ಇಲ್ಲ! ಒಬ್ಬ 'ಪ್ರೊಸೀಡ್' ಮಾಡುತ್ತಾನೆ, ಇನ್ನೊಬ್ಬಳು 'ಡಿಪಾರ್ಟ್' ಆಗುತ್ತಾಳೆ. ಪೊಲೀಸ್ ವರದಿಯಲ್ಲಿ ಅದು ಸರಿ. ಅಡುಗೆಮನೆಗೆ ಓಡುವ ಮಗುವಿಗೂ ಬೇಕಾ? 'ಗೋ' ಚಿಕ್ಕ ಮಕ್ಕಳ ಪದ ಅಂತ ಯಾರೋ ನಿನ್ನ ತಲೆಗೆ ತುಂಬಿರಬೇಕು.

ಅದರ ಶಕ್ತಿ ಇರುವುದು ಜೊತೆಗೆ ಬರುವ ಪುಟ್ಟ ಪದದಲ್ಲಿ. 'ಗೋ ಆನ್' ಅಂದರೆ ಮುಂದುವರಿ. 'ಗೋ ವಿದೌಟ್' ಅಂದರೆ ಇಲ್ಲದೆಯೇ ನಿಭಾಯಿಸು. 'ಗೋ ಥ್ರೂ' ಅಂದರೆ ಕಷ್ಟ ಪಡು. ಕಾಗದಪತ್ರದ ಮಾತಾದರೆ ಒಂದೊಂದಾಗಿ ನೋಡು. ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು 'ಗೋ ಆಫ್'. ದೀಪ 'ಗೋ ಆಫ್' ಆದರೆ ಆರುತ್ತದೆ. ಅಲಾರಂ ಆದರೆ ಹೊಡೆದುಕೊಳ್ಳುತ್ತದೆ. ಬಾಂಬ್ ಆದರೆ ಸಿಡಿಯುತ್ತದೆ. ಬ್ರಿಟಿಷರ ಮಾತಿನಲ್ಲಿ ಹಾಲು ಕೂಡ 'ಗೋ ಆಫ್' ಆಗುತ್ತದೆ, ಅಂದರೆ ಕೆಡುತ್ತದೆ. ಹಾಗಾಗಿ ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಯಾವ ವಸ್ತುವಿನ ಮಾತು ಅಂತ ನೋಡಿಕೋ.

'ಗೋ' ಕೆಲವು ಕಡೆ 'ಆಗು' ಅನ್ನುವ ಅರ್ಥದಲ್ಲೂ ಬರುತ್ತದೆ: 'ಗೋ ಬ್ಯಾಡ್', 'ಗೋ ಬ್ಲೈಂಡ್', 'ಗೋ ರಾಂಗ್'. ಹೆಚ್ಚಾಗಿ ಕೆಡುಕಿನ ಕಡೆಗೇ ವಾಲುತ್ತದೆ, ಅಲ್ವಾ? ಕನಸು ನಿಜವಾದರೆ ಅದು 'ಕಮ್ ಟ್ರೂ', ಅಲ್ಲಿ 'ಗೋ' ಬರುವುದಿಲ್ಲ. ಇದು ಕಟ್ಟುನಿಟ್ಟಿನ ನಿಯಮವಲ್ಲ, 'ಗೋ ವೈರಲ್' ಅಂತಲೂ ಹೇಳುತ್ತಾರೆ. ಆದರೂ ನಮ್ಮ 'ಕೆಟ್ಟುಹೋಯಿತು', 'ಕಳೆದುಹೋಯಿತು', 'ಮರೆತುಹೋಯಿತು' ಕೇಳಿ ಬೆಳೆದ ಕಿವಿಗೆ ಈ ವಾಲು ತಾನಾಗಿಯೇ ಗೊತ್ತಾಗುತ್ತದೆ. ಇಲ್ಲಿ ನಿನ್ನ ಕಿವಿಯನ್ನೇ ನಂಬು.

'ವೆಂಟ್' ಮೊದಲಿಗೆ 'ಗೋ'ದ ರೂಪವೇ ಆಗಿರಲಿಲ್ಲ. ಅದು 'ವೆಂಡ್' ಅನ್ನುವ ಬೇರೆ ಕ್ರಿಯಾಪದದ ಭೂತಕಾಲ. 'ಗೋ'ಗೆ ಹಿಂದೆ ಇದ್ದ ರೂಪ ಬಿದ್ದುಹೋಗಿ ಇದು ಆ ಜಾಗಕ್ಕೆ ಬಂದು ಕೂತಿತು. ಕತೆ ಬರೆಯಲು ಇದು ಬೇಕಿಲ್ಲ, ಖುಷಿಗೆ ಹೇಳಿದೆ.

ಬೇಕಾದದ್ದು 'ಗೋಯಿಂಗ್ ಟು'. ಮಳೆ ಬರುವ ಹಾಗಿದ್ದರೆ 'ಇಟ್ ಈಸ್ ಗೋಯಿಂಗ್ ಟು ರೇನ್' ಅನ್ನುತ್ತಾರೆ. ಅಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಒಂದು ಕೆಲಸಕ್ಕೆಂದು ಹೊರಟವನ ಮಾತು ನಿಧಾನಕ್ಕೆ ಬರಿಯ ಉದ್ದೇಶದ ಮಾತಾಯಿತು, ಆಮೇಲೆ ಮುಂದೆ ಆಗುವುದರ ಮಾತಾಯಿತು. ಪಾತ್ರ ಮೊದಲೇ ನಿರ್ಧಾರ ಮಾಡಿದ್ದರೆ 'ಗೋಯಿಂಗ್ ಟು' ಹಾಕು. ಫೋನ್ ಬಡಿದಾಗ 'ನಾನು ತಗೊಳ್ತೀನಿ' ಅನ್ನುವುದು ಆ ಕ್ಷಣದ ನಿರ್ಧಾರ, ಅಲ್ಲಿ 'ವಿಲ್' ಸಾಕು. ನಿನ್ನ ನಾಯಕಿ ವರ್ಷಗಟ್ಟಲೆ ಯೋಚಿಸಿ ಮನೆ ಬಿಡುತ್ತಾಳೆ. ಆದರೆ 'ಐ ವಿಲ್ ಲೀವ್' ಅನ್ನುತ್ತಾಳೆ. ಈಗಷ್ಟೇ ಹೊಳೆದ ಹಾಗೆ ಕೇಳಿಸುತ್ತದೆ.

ಇನ್ನೊಂದು. ಅವಳ ಗಂಡ 'ಹ್ಯಾಸ್ ಗಾನ್ ಟು ಲಂಡನ್' ಅಂತ ಬರೆದಿದ್ದೀಯ. ಅಂದರೆ ಅವನು ಇನ್ನೂ ಅಲ್ಲೇ ಇದ್ದಾನೆ. ಮುಂದಿನ ಸಾಲಿನಲ್ಲೇ ಬಾಗಿಲು ತೆರೆಯುತ್ತಾನೆ! ಹೋಗಿ ಬಂದಿದ್ದರೆ 'ಹ್ಯಾಸ್ ಬೀನ್' ಮಾಡು. ಇಲ್ಲದಿದ್ದರೆ ಬಾಗಿಲು ತೆರೆಯಲು ಬೇರೆ ಯಾರನ್ನಾದರೂ ಹುಡುಕು.

ತಿದ್ದಿದ ಪ್ರತಿ ಕಳಿಸು.

ನಿನ್ನ ಅಕ್ಕ