ಜರ್ಮನಿಯ ಶ್ವೆರಿನ್‌ನಲ್ಲಿ ಉಳಿಯುವ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಹೇಳಿದ್ದೆಲ್ಲ ಕೇಳಿಸಿಕೊಂಡೆ. ಆಸ್ಪತ್ರೆಯವರು ಕೆಲಸ ಕಾಯಂ ಮಾಡಿದ್ದಾರೆ, ಸಹಿ ಹಾಕಿ ಆಯಿತು, ಇನ್ನು ಶ್ವೆರಿನ್ನೇ ಊರು ಅಂದೆ. ನಾನು ಬರೀ "ಹೂಂ" ಅಂದೆ. ಅಪ್ಪನಿಗೆ ಅದು ಸರಿ ಬರಲಿಲ್ಲ, ಮಗು ಅಷ್ಟು ಖುಷಿಯಲ್ಲಿ ಹೇಳಿದರೆ ಹೀಗಾ ಉತ್ತರ ಕೊಡೋದು ಅಂತ ರಾತ್ರಿಯಿಡೀ ಮುಖ ಊದಿಸಿಕೊಂಡಿದ್ದರು. ಫೋನಿನಲ್ಲಾದರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಕಾಗದ.

ನಿನ್ನನ್ನು ನೋಡಲು ಅಲ್ಲಿಗೆ ಬಂದಿದ್ದ ನಾವು ವಾಪಸ್ ಹೊರಡುವ ಹಿಂದಿನ ರಾತ್ರಿಯ ಜಗಳದ ವಿಷಯ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತು, ಬಿಡು. ನನ್ನ ಮಾತು ನಿನ್ನ ಮನಸ್ಸಿಗೆ ನಾಟಿದ್ದರೆ ಕ್ಷಮಿಸು. ಆದರೆ ನೀನು ಅಂದುಕೊಂಡ ಕಾರಣಕ್ಕೆ ನಾನು ಕೂಗಾಡಿದ್ದಲ್ಲ. ನೀನು ವಾಪಸ್ ಬರುವುದಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಅರಮನೆಯ ಸೇತುವೆ ಮೇಲೆ ನಿಂತು ಊರು ತೋರಿಸುತ್ತಿದ್ದೆಯಲ್ಲ, ಯಾವ ಬೀದಿಯಲ್ಲಿ ಬ್ರೆಡ್ ಚೆನ್ನಾಗಿರುತ್ತದೆ, ಯಾವ ಬಸ್ಸು ತಡವಾಗಿ ಬರುತ್ತದೆ ಅನ್ನುವುದೂ ಸೇರಿ. ಬಿಟ್ಟು ಬರುವ ಊರಿನ ಬಗ್ಗೆ ಯಾರೂ ಅಷ್ಟು ಹೇಳುವುದಿಲ್ಲ.

ಊರು ಚೆನ್ನಾಗಿದೆ. ಒಂದು ರಾಜ್ಯದ ರಾಜಧಾನಿ, ಜನ ಸುಮಾರು ಒಂದು ಲಕ್ಷ ಅಷ್ಟೇ. ಸರೋವರದಲ್ಲಿ ಒಂದು ನಡುಗಡ್ಡೆ, ಅದರ ತುಂಬ ಅರಮನೆ. ಇಷ್ಟು ವರ್ಷ ಚರಿತ್ರೆ ಪಾಠ ಮಾಡಿದವಳು ನಾನು, ಮನೆಗೆ ಬಂದ ಮೇಲೂ ಅದರ ಬಗ್ಗೆ ಓದುತ್ತಲೇ ಇದ್ದೇನೆ. ಈಗ ಕಾಣುವ ರೂಪ 1845ರಿಂದ 1857ರ ನಡುವೆ ಬಂದದ್ದು. ಆದರೆ ಅದೇ ಜಾಗದಲ್ಲಿ ಮೊದಲು ಸ್ಲಾವ್ ಜನರ ಕೋಟೆ ಇತ್ತು, ನಿಕ್ಲೋಟ್ ಅನ್ನುವ ದೊರೆಯದು. 1160ರಲ್ಲಿ ಹೈನ್‌ರಿಷ್ ಅನ್ನುವ ಜರ್ಮನ್ ಡ್ಯೂಕ್ ದಂಡೆತ್ತಿ ಬಂದಾಗ, ಶತ್ರುವಿನ ಕೈಗೆ ಸಿಗಬಾರದು ಅಂತ ಆತ ತನ್ನ ಕೋಟೆಗೆ ತಾನೇ ಬೆಂಕಿ ಹಾಕಿಸಿದ. ಅದೇ ವರ್ಷ ಯುದ್ಧದಲ್ಲಿ ಸತ್ತ. ಅವನ ಮಗ ಗೆದ್ದವರ ಜೊತೆ ರಾಜಿಯಾಗಿ ನೆಲ ವಾಪಸ್ ಪಡೆದ. ಆಮೇಲೆ 1918ರವರೆಗೆ ಮೆಕ್ಲೆನ್‌ಬುರ್ಗ್ ಸೀಮೆಯನ್ನು ಆಳಿದ್ದು ಆ ಮಗನ ವಂಶದವರೇ. ಹೆಬ್ಬಾಗಿಲಿನ ಮೇಲೆ ಕುದುರೆ ಏರಿ ಕೂತವನು ಯಾರು ಅಂತ ಅವತ್ತು ಕೇಳಿದೆನಲ್ಲ, ಅವನೇ ನಿಕ್ಲೋಟ್. ಸೋತ ಅಜ್ಜನನ್ನು ಏಳು ಶತಮಾನ ಆದಮೇಲೂ ಮರೆಯದೆ ಮನೆಯ ಎದುರಿಗೇ ಕೂರಿಸಿದ್ದಾರೆ. ನನಗೆ ಅದು ಬಹಳ ಹಿಡಿಸಿತು.

ಸಿಂಹಾಸನದ ಕೋಣೆಯ ಬಂಗಾರದ ಕೆಲಸ ನೋಡಿ ಅಪ್ಪ ಬೆರಗಾದರು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಬೇರೆ. ಪೂರ್ವ ಜರ್ಮನಿಯ ಕಾಲದಲ್ಲಿ, 1952ರಿಂದ 1981ರವರೆಗೆ, ಆ ಅರಮನೆಯಲ್ಲಿ ಶಿಶುವಿಹಾರದ ಟೀಚರುಗಳಿಗೆ ತರಬೇತಿ ಕೊಡುತ್ತಿದ್ದರಂತೆ. ಈಗ ಅಲ್ಲಿ ರಾಜ್ಯದ ವಿಧಾನಸಭೆ ಕೂರುತ್ತದೆ. ಅದಕ್ಕೆ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದ್ದೂ 2024ರ ಜುಲೈನಲ್ಲಿ ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲೇ. ಇದನ್ನು ನಿನ್ನ ಜೊತೆ ಕೆಲಸ ಮಾಡುವವರಿಗೆ ಹೇಳು.

ಇರಲಿ. ನನ್ನನ್ನು ಬಿಡದೆ ಕಾಡುತ್ತಿರುವುದು ಅದೇ ಸರೋವರದ ಜಿಪ್ಪೆನ್‌ಡಾರ್ಫ್ ದಂಡೆಯ ಆ ಬೆಳಿಗ್ಗೆ.

ಮರಳಿನ ಮೇಲೆ ಮಕ್ಕಳು ಆಡುತ್ತಿದ್ದರು. ನೀನು ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟೆ. ಮೈನಸ್ ಐದು ಪವರ್. ಅದಿಲ್ಲದೆ ದಡ ಹೇಗೆ ಕಾಣುತ್ತದೆ ಅಂತ ಕೇಳುವಷ್ಟರಲ್ಲಿ ಸೊಂಟದ ಮಟ್ಟಕ್ಕೆ ಇಳಿದಿದ್ದೆ. ನಮ್ಮ ಕಡೆ ಈಜು ಕಲಿಯುವವರು ಕಟ್ಟಿಕೊಳ್ಳುವ ಸೋರೆಬುರುಡೆಯ ಹಾಗೆ, ಕಿತ್ತಳೆ ಬಣ್ಣದ ಗಾಳಿ ಚೀಲವೊಂದು ನಿನ್ನ ಹಿಂದೆ ತೇಲುತ್ತಿತ್ತು. ಮೊದಲು ತಲೆ ಕಾಣುತ್ತಿತ್ತು. ಆಮೇಲೆ ಚೀಲ ಮಾತ್ರ. ಆಮೇಲೆ ಒಂದು ಹಾಯಿದೋಣಿ ಅಡ್ಡ ಬಂತು. ಅದು ದಾಟುವವರೆಗೆ ಏನೂ ಕಾಣಲಿಲ್ಲ. ಅಪ್ಪ ಫೋಟೋ ತೆಗೆಯುತ್ತಿದ್ದರು. ನಾನು ಕನ್ನಡಕ ಹಿಡಿದುಕೊಂಡು ನಿಂತಿದ್ದೆ. ದೋಣಿ ಹೋಯಿತು, ಚೀಲ ಕಂಡಿತು, ಆದರೆ ಅದು ಮೊದಲಿದ್ದ ಜಾಗದಲ್ಲಿ ಇರಲಿಲ್ಲ. ನೀನೇ ಎಳೆದುಕೊಂಡು ಹೋದೆಯೋ, ಗಾಳಿ ತೆಗೆದುಕೊಂಡು ಹೋಯಿತೋ, ದಡದಲ್ಲಿ ನಿಂತವರಿಗೆ ಹೇಗೆ ತಿಳಿಯಬೇಕು? ನೀನು ನಗುತ್ತ ಬಂದು ಟವೆಲ್ ಕೇಳಿದೆ. ನನ್ನ ಕೈಯಲ್ಲಿ ಕನ್ನಡಕದ ಕಡ್ಡಿ ಅಚ್ಚೊತ್ತಿತ್ತು. ಈಗಲೂ ಮಲಗಿದರೆ ಆ ದೋಣಿ ಅಡ್ಡ ಬರುತ್ತದೆ.

ನಾವು ಮುಳುಗಡೆಯವರು, ಪುಟ್ಟಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಅಮ್ಮಮ್ಮನ ಮನೆ, ತೋಟ, ದೇವರ ಕಟ್ಟೆ ಎಲ್ಲ ಹೋಯಿತು. ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗ ಅವಳು ಅಂಚಿಗೆ ಬರುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ. ಆ ಭಯ ನನಗೆ ಬಂತು. ನಿನ್ನನ್ನು ನಾನು ಕೆರೆಯ ಹತ್ತಿರಕ್ಕೂ ಬಿಡಲಿಲ್ಲ. ಆದರೂ ಅದು ನಿನಗೆ ಅಂಟಲಿಲ್ಲ. ಅಷ್ಟು ದೊಡ್ಡವಳಾದ ಮೇಲೆ, ಪುಟ್ಟ ಮಕ್ಕಳ ಪಕ್ಕದ ಸಾಲಿನಲ್ಲಿ ನಿಂತು ಈಜು ಕಲಿತೆ. ಕಂಚಿನ ಬ್ಯಾಡ್ಜ್ ತೋರಿಸಿದಾಗ ನಾನು ಏನೂ ಹೇಳಲಿಲ್ಲ ಅಲ್ವಾ? ಅದಕ್ಕೆ 15 ನಿಮಿಷ ಈಜಬೇಕು, 2 ಮೀಟರ್ ಆಳಕ್ಕೆ ಮುಳುಗಿ ತಳದಿಂದ ವಸ್ತು ಎತ್ತಿ ತರಬೇಕು ಅಂತ ಆಮೇಲೆ ಓದಿದೆ. ಇಲ್ಲಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಮ್ಮ ಮನೆತನದಲ್ಲಿ ನೀರಿನ ತಳ ಮುಟ್ಟಿ ಮೇಲೆ ಬಂದ ಹೆಣ್ಣು ಮಗಳು ನೀನೇ ಮೊದಲನೆಯವಳು.

ಬುದ್ಧಿ ಹೇಳಬಾರದು ಅಂದುಕೊಂಡೇ ಕೂತೆ. ಆದರೂ ಕೇಳು. ಆ ಸರೋವರದಲ್ಲಿ 50 ಮೀಟರಿಗಿಂತ ಜಾಸ್ತಿ ಆಳದ ಜಾಗವಿದೆ. ಒಬ್ಬಳೇ ಇಳಿಯಬೇಡ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಖಂಡಿತ ಬೇಡ. ತಣ್ಣೀರಿಗೆ ಧುಮುಕಿದರೆ ಉಸಿರು ಹೇಗೆ ಕಟ್ಟುತ್ತದೆ ಅಂತ ನರ್ಸಿಗೆ ನಾನು ಹೇಳಬೇಕಾ? ಇನ್ನು ಚಳಿಗಾಲ. ನೀರು ಹೆಪ್ಪುಗಟ್ಟಿದರೆ ಜನ ಅದರ ಮೇಲೆ ನಡೆಯುತ್ತಾರೆ ಅಂದೆ. ನಿಂತ ನೀರಿನ ಮೇಲೆ ಕನಿಷ್ಠ 15 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಇರಬೇಕು ಅಂತ ಅಲ್ಲಿನ ಜೀವರಕ್ಷಕರೇ ಹೇಳುತ್ತಾರೆ. ಸೇತುವೆಯ ಕೆಳಗೆ, ಜೊಂಡು ಬೆಳೆದ ಕಡೆ ತೆಳ್ಳಗಿರುತ್ತದಂತೆ. ಯಾರೋ ನಡೆದರು ಅಂತ ನೀನು ಕಾಲಿಡಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ದಡದ ದಾರಿ ಬಿಟ್ಟು ರಸ್ತೆಯಲ್ಲೇ ಮನೆಗೆ ಹೋಗು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೋ. ಊಟ ಬಿಡಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ಮುಗಿದಿದ್ದರೆ ಹೇಳು.

ಕೆಲಸ ಕಾಯಂ ಆದದ್ದು ನಿಜವಾಗಿ ಸಂತೋಷ, ಪುಟ್ಟಿ. ಅಪ್ಪ ಬೆಳಿಗ್ಗೆಯೇ ಗಣಪತಿ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದರು. ಅಲ್ಲೇ ಇರು, ಚೆನ್ನಾಗಿರು.

ನಿನ್ನ ಜೊತೆ ಈಜುವ ಆ ಎದುರು ಮನೆಯ ಹಿರಿಯರ ಫೋನ್ ನಂಬರ್ ನನಗೆ ಕಳಿಸು. ಭಾಷೆ ಬಾರದಿದ್ದರೂ ಪರವಾಗಿಲ್ಲ. ಭಾನುವಾರ ನೀರಿಗೆ ಹೋಗುವ ಮುಂಚೆ ನನಗೆ ಫೋನ್ ಮಾಡಬೇಡ, ಮಾಡಿದರೆ ನಾನು ತಡೆಯುತ್ತೇನೆ. ಬಂದು ಬಟ್ಟೆ ಬದಲಾಯಿಸಿ, ಕನ್ನಡಕ ಹಾಕಿಕೊಂಡು ಮಾಡು.

ನಿನ್ನ
ಅಮ್ಮ