ಕೆಂಪು-ನೀಲಿ ಚಿತ್ರಕ್ಕೆ ಅಂಕ ಬೇಡ

ಮಾನ್ಯ ಸಂಪಾದಕರೇ,

ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಡಿಸ್ಕ್ ಬ್ರೇಕ್‌ನ ಥರ್ಮಲ್ ಸ್ಟ್ರೆಸ್ ಸಿಮ್ಯುಲೇಶನ್, ಅಂದರೆ ಬಿಸಿಯಿಂದ ವಸ್ತುವಿನೊಳಗೆ ಹುಟ್ಟುವ ಒತ್ತಡದ ಕಂಪ್ಯೂಟರ್ ಲೆಕ್ಕ, ಈಗ ಮಾಮೂಲಿ. ವರದಿ ತುಂಬ ಬಣ್ಣದ ಚಿತ್ರಗಳು, ಸ್ಟ್ರೆಸ್ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ. ಆದರೆ ಅಲ್ಲಿನ ಕೆಂಪಿನಲ್ಲಿ ಶಾಖದ ಪಾಲೆಷ್ಟು, ತಪ್ಪು ಸಪೋರ್ಟ್‌ನ (ಮಾಡೆಲ್ ಅನ್ನು ಹಿಡಿದಿಟ್ಟ ರೀತಿಯ) ಪಾಲೆಷ್ಟು ಎಂದು ಕೇಳುವವರು ಕಡಿಮೆ.

ಒಂದು ಮೀಟರ್ ಉದ್ದದ ಉಕ್ಕಿನ ಸರಳು 100 ಡಿಗ್ರಿ ಬಿಸಿಯೇರಿದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಬಿಟ್ಟರೆ ಸ್ಟ್ರೆಸ್ ಸೊನ್ನೆ. ಎರಡೂ ತುದಿ ಬಿಗಿದರೆ 240 ಮೆಗಾಪಾಸ್ಕಲ್. ತಗಡನ್ನು ಎರಡು ದಿಕ್ಕಿನಲ್ಲಿ ತಡೆದರೆ ಸುಮಾರು 343, ಮೂರೂ ದಿಕ್ಕಿನಲ್ಲಿ ತಡೆದರೆ 600. ಬಿಸಿ ಅಷ್ಟೇ, ಬದಲಾದದ್ದು ಹಿಡಿತ ಮಾತ್ರ. ಬೋಲ್ಟ್ ರಂಧ್ರಗಳಿಗೆಲ್ಲ ‘ಫಿಕ್ಸೆಡ್’ (ಅತ್ತಿತ್ತ ಅಲುಗದ ಹಿಡಿತ) ಕೊಟ್ಟು, ರಂಧ್ರದ ಅಂಚಿನಲ್ಲೇ ಗರಿಷ್ಠ ಸ್ಟ್ರೆಸ್ ಬಂತೆಂದು ಬರೆಯುವುದರಲ್ಲಿ ಅರ್ಥವಿಲ್ಲ.

ಮೊದಲು ಮಾಡಬೇಕಾದ ಪರೀಕ್ಷೆ ಹತ್ತು ನಿಮಿಷದ್ದು. ಇಡೀ ಮಾಡೆಲ್‌ಗೆ ಒಂದೇ ವಸ್ತು, ಒಂದೇ ತಾಪಮಾನ ಕೊಡಿ. ಲೆಕ್ಕಕ್ಕಾಗಿ ಮಾಡೆಲ್ ಅನ್ನು ತುಂಡರಿಸಿದ ಜಾಲದ (ಮೆಶ್) ಒಂದು ಬಿಂದುವನ್ನು, ಅಂದರೆ ಒಂದು ನೋಡ್ ಅನ್ನು, ಮೂರೂ ದಿಕ್ಕಿಗೆ ಹಿಡಿಯಿರಿ. ಅದರಿಂದ ಎಕ್ಸ್ ದಿಕ್ಕಿನಲ್ಲಿರುವ ಎರಡನೆಯದನ್ನು ವೈ, ಝೆಡ್‌ಗೆ, ವೈ ದಿಕ್ಕಿನಲ್ಲಿರುವ ಮೂರನೆಯದನ್ನು ಝೆಡ್‌ಗೆ ಮಾತ್ರ. ಸ್ಟ್ರೆಸ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಇಲ್ಲವಾದರೆ ಎಲ್ಲೋ ಹೆಚ್ಚುವರಿ ಹಿಡಿತ ಉಳಿದಿದೆ.

ರೆಫರೆನ್ಸ್ ತಾಪಮಾನದ (ಹಿಗ್ಗುವಿಕೆಯ ಲೆಕ್ಕ ಶುರುವಾಗುವ ತಾಪಮಾನ) ತಪ್ಪು ಮಾತ್ರ ಇಲ್ಲಿ ಸ್ಟ್ರೆಸ್ ನೋಡಿದರೆ ಸಿಗುವುದಿಲ್ಲ, ಹಿಗ್ಗಿದ ಉದ್ದವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಬೇಕು. ಆನ್ಸಿಸ್ ಮೆಕ್ಯಾನಿಕಲ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ತಾನಾಗಿ 22 ಡಿಗ್ರಿ ಹಿಡಿಯುತ್ತದೆ. ಅಬಾಕಸ್ ಎಂಬ ಇನ್ನೊಂದರಲ್ಲಿ ಆರಂಭಿಕ ತಾಪಮಾನ ಕೊಡದಿದ್ದರೆ ಅದು ಸೊನ್ನೆ. ಬಿಗಿದ ಉಕ್ಕಿನ ಸರಳಿನಲ್ಲಿ ಈ 22 ಡಿಗ್ರಿಯೊಂದೇ 53 ಮೆಗಾಪಾಸ್ಕಲ್ ವ್ಯತ್ಯಾಸ ತರುತ್ತದೆ.

ಯೂನಿಟ್‌ಗಳದ್ದು ಬೇರೆಯೇ ಕಿತಾಪತಿ. ಟನ್-ಮಿ.ಮೀ.-ಸೆಕೆಂಡ್ ಪದ್ಧತಿಯಲ್ಲಿ ಉಕ್ಕಿನ ಉಷ್ಣವಾಹಕತೆ ಎಸ್‌ಐ ಪದ್ಧತಿಯಲ್ಲಿ 50 ಇದ್ದದ್ದು 50 ಆಗಿಯೇ ಉಳಿಯುತ್ತದೆ, ವಿಶಿಷ್ಟೋಷ್ಣ ಮಾತ್ರ 460ರಿಂದ 46 ಕೋಟಿಗೆ ಹಾರುತ್ತದೆ. ಮೊದಲನೆಯದು ಬದಲಾಗಲಿಲ್ಲವೆಂದು ಎರಡನೆಯದನ್ನೂ ಹಾಗೇ ಬಿಡುವವರಿದ್ದಾರೆ.

ಬ್ರೇಕ್ ಹಾಕಿದ ಮೊದಲ ಕ್ಷಣಗಳಲ್ಲಿ ಕೆಲವು ನೋಡ್‌ಗಳ ತಾಪಮಾನ ಆರಂಭದ್ದಕ್ಕಿಂತ ಕೆಳಗಿಳಿದು ಕಂಡರೆ, ಮೆಶ್‌ಗೆ ಹೋಲಿಸಿದರೆ ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಸರಿಯುವ ಸಮಯ) ತೀರಾ ಚಿಕ್ಕದಾಗಿದೆ ಎಂದರ್ಥ. ಉಕ್ಕಿನಲ್ಲಿ 2 ಮಿ.ಮೀ. ಗಾತ್ರದ ಕ್ವಾಡ್ರಾಟಿಕ್ ಎಲಿಮೆಂಟ್‌ಗೆ (ಅಂಚಿನ ನಡುವೆಯೂ ನೋಡ್ ಇರುವ ಮೆಶ್ ತುಂಡಿಗೆ) ಸುಮಾರು 0.05 ಸೆಕೆಂಡ್‌ಗಿಂತ ಕೆಳಗೆ ಈ ಏರುಪೇರು ಶುರುವಾಗುತ್ತದೆ. ಸ್ಟೆಪ್ ಇನ್ನೂ ಕಿರಿದು ಮಾಡಿದಷ್ಟೂ ರೋಗ ಹೆಚ್ಚುತ್ತದೆ. ಉಜ್ಜುವ ಮೇಲ್ಮೈ ಬಳಿ ಮೆಶ್ ಸಣ್ಣದಾಗಬೇಕು.

ಚೂಪಾದ ಒಳಮೂಲೆಯಲ್ಲಿ, ಎರಡು ಲೋಹ ಬೆಸೆದ ಅಂಚಿನಲ್ಲಿ ಮೆಶ್ ಅನ್ನು 4, 2, 1 ಮಿ.ಮೀ.ಗೆ ಇಳಿಸಿದಂತೆಲ್ಲ ಸ್ಟ್ರೆಸ್ ಏರುತ್ತಲೇ ಹೋದರೆ ಆ ಅಂಕಿಯನ್ನು ವರದಿಗೆ ಹಾಕಬಾರದು. ಮೂಲೆಯಾದರೆ ಡ್ರಾಯಿಂಗ್‌ನಲ್ಲಿರುವ ಫಿಲೆಟ್ ರೇಡಿಯಸ್ (ಮೂಲೆಯನ್ನು ದುಂಡಗಾಗಿಸುವ ತ್ರಿಜ್ಯ) ಅನ್ನು ಮಾಡೆಲ್‌ಗೂ ಕೊಟ್ಟು ಮತ್ತೆ ನಡೆಸಬೇಕು.

ವೈವಾ ನಡೆಸುವ ಪರೀಕ್ಷಕರಲ್ಲಿ ಒಂದು ವಿನಂತಿ: ಸಪೋರ್ಟ್ ಬಿಡಿಸಿ ಬಿಸಿ ಮಾಡಿದ ಪರೀಕ್ಷೆಯ ಫಲಿತಾಂಶ ಮತ್ತು ಮೂರು ಮೆಶ್‌ಗಳ ಕೋಷ್ಟಕ, ಇವೆರಡಿಲ್ಲದ ವರದಿಯನ್ನು ತಿದ್ದಿ ತರಲು ವಾಪಸ್ ಕಳುಹಿಸಿ.

– ಒಬ್ಬ ಸಿಮ್ಯುಲೇಶನ್ ಇಂಜಿನಿಯರ್, ಬೆಂಗಳೂರು